ಕತ್ತರಿ ಮುಟ್ಟದ ಕ್ಷೌರ

ಜರ್ಮನಿಯ ಹಳ್ಳಿಗಾಡಿನಲ್ಲಿ ಡ್ರಾಟ್‌ಹಾರ್ ಎಂಬ ಬೇಟೆನಾಯಿಯನ್ನು ಮೊದಲ ಸಲ ಕಂಡವರಿಗೆ ಅದರ ಯಜಮಾನನ ಮೇಲೆ ಕೊಂಚ ಸಿಟ್ಟೇ ಬರುತ್ತದೆ. ಹುಬ್ಬು ಕಣ್ಣಿನ ಮೇಲೆ ಇಳಿಬಿದ್ದಿರುತ್ತದೆ. ಗಡ್ಡದಿಂದ ಈಗಷ್ಟೇ ಕುಡಿದ ನೀರು ತೊಟ್ಟಿಕ್ಕುತ್ತಿರುತ್ತದೆ. ಬೆನ್ನು ಸವರಿದರೆ ಅಂಗೈಗೆ ಚುಚ್ಚುತ್ತದೆ. ಇಂಥ ಒಳ್ಳೆಯ ನಾಯಿಯನ್ನು ತಂದು ಹೀಗೆ ಬಿಟ್ಟಿದ್ದಾರಲ್ಲ, ಒಂದು ದಿನವಾದರೂ ಬಾಚಬಾರದೆ ಎನ್ನಿಸುತ್ತದೆ. ಆ ಯಜಮಾನನೋ, ರಜೆಯ ದಿನವಿಡೀ ಅದೇ ಬೆನ್ನಿನ ಮೇಲೆ ಬಗ್ಗಿ, ಹೆಬ್ಬೆರಳು ತೋರುಬೆರಳ ನಡುವೆ ಚಿಟಿಕೆ ಚಿಟಿಕೆ ಕೂದಲು ಹಿಡಿದು ಕಿತ್ತು, ಸೊಂಟ ನೋಯಿಸಿಕೊಂಡು ಕೂತಿರುತ್ತಾನೆ. ಅಷ್ಟೆಲ್ಲ ಮಾಡಿದ ಮೇಲೂ ನಾಯಿ ಯಾರೂ ಕೈಯಿಡದ ಹಾಗೆ ಕಾಣಬೇಕು. ಕಂಡರೆ ಕೆಲಸ ಕುದುರಿದೆ ಎಂದು ಲೆಕ್ಕ.

ತಂತಿಗೂದಲಿನ ಬೇಟೆನಾಯಿಗಳ ಲೋಕವೇ ಹೀಗೆ. ಅಲ್ಲಿ ಒರಟುತನವನ್ನು ಬೆಳೆಸಬೇಕು, ಕಾಯಬೇಕು, ಕೈಯಾರೆ ಉಳಿಸಿಕೊಳ್ಳಬೇಕು. ಹತ್ತು ನಿಮಿಷ ಮಷಿನ್ ಓಡಿಸಿದರೆ ಮುಗಿಯುವ ಕೆಲಸಕ್ಕೆ ಹತ್ತಾರು ವರ್ಷದ ಅನುಭವಿಗಳೂ ಗಂಟೆಗಟ್ಟಲೆ ಕೂರುತ್ತಾರೆ. ಹಟಕ್ಕೆ ಕೂರುವುದಲ್ಲ, ಅದಕ್ಕೆ ಕಾರಣ ನಾಯಿಯ ಚರ್ಮದೊಳಗಿದೆ.

ಅಂತರರಾಷ್ಟ್ರೀಯ ಶ್ವಾನ ಒಕ್ಕೂಟ ಎಫ್‌ಸಿಐ ಡ್ರಾಟ್‌ಹಾರ್ ತಳಿಗೆ ಬರೆದಿಟ್ಟ ಲಕ್ಷಣದ ಪ್ರಕಾರ ಮೇಲ್ಗೂದಲು ಸುಮಾರು 2ರಿಂದ 4 ಸೆಂಟಿಮೀಟರ್ ಉದ್ದವಿರಬೇಕು, ಗಡುಸಾಗಿ ಮೈಗೆ ಒತ್ತಿಕೊಂಡು ಮಲಗಿರಬೇಕು. ಅದರಡಿಯಲ್ಲಿ ನೀರಿಳಿಯದಂಥ ದಟ್ಟ ಒಳಗೂದಲು ಇರಬೇಕು. ಹುಬ್ಬು ಗಡ್ಡಗಳು ಎದ್ದು ಕಾಣಬೇಕು. ಓದಿದರೆ ಸೌಂದರ್ಯಸ್ಪರ್ಧೆಯ ನಿಯಮದಂತಿದೆ, ಆದರೆ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಗಾಯದ ಕಥೆಯಿದೆ. ಈ ನಾಯಿಗೆ ಒಂದೇ ಉದ್ಯೋಗವಲ್ಲ. ಬಯಲಿನಲ್ಲಿ ಕೌಜುಗದ ವಾಸನೆ ಹಿಡಿದು, ಕಾಲೆತ್ತಿ ಕಲ್ಲಾಗಿ ನಿಂತು ತೋರಿಸಬೇಕು. ಜೊಂಡು ತುಂಬಿದ ಕೆರೆಗಿಳಿದು ಗುಂಡು ತಗಲಿದ ಬಾತನ್ನು ಕಚ್ಚಿ ತರಬೇಕು. ಕಾಡಿನಲ್ಲಿ ಗಾಯಗೊಂಡ ಜಿಂಕೆಯ ರಕ್ತದ ಜಾಡು ಹಿಡಿದು ಹೋಗಬೇಕು. ಬ್ಲ್ಯಾಕ್‌ಬೆರಿಯ ಮುಳ್ಳುಪೊದೆಗೆ ನುಣುಪುಗೂದಲಿನ ನಾಯಿ ನುಗ್ಗಿದರೆ ಎದೆ, ಕಿವಿ ಗೀರಿಸಿಕೊಂಡು ಬರುತ್ತದೆ. ಉದ್ದಗೂದಲಿನ ನಾಯಿ ಅರ್ಧ ಪೊದೆಯನ್ನೇ ಮೈಗೆ ಸುತ್ತಿಕೊಂಡು ಬರುತ್ತದೆ. ತಂತಿಗೂದಲಿನ ಮೇಲೆ ಮುಳ್ಳು ಜಾರುತ್ತದೆ, ಹುಬ್ಬು ಕಣ್ಣನ್ನು ಕಾಯುತ್ತದೆ, ಕೆರೆಯಿಂದ ಎದ್ದು ಒಮ್ಮೆ ಮೈ ಕೊಡವಿದರೆ ನೀರು ಬಹುಪಾಲು ಹೋಯಿತು.

ಇಂಥ ಕೂದಲು ತನ್ನಷ್ಟಕ್ಕೆ ಒದಗಿಬಂದದ್ದಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಯುರೋಪಿನ ಕೆಲವರಿಗೆ ಅದರದೇ ಗೀಳು ಹಿಡಿದಿತ್ತು. ಡಚ್ಚರವನಾದ ಎಡ್ವರ್ಡ್ ಕಾರ್ಲ್ ಕೋರ್ಥಾಲ್ಸ್ (1851–1896) ಮೂಷ್ ಎಂಬ ಹೆಣ್ಣುನಾಯಿಯಿಂದ ಶುರುಮಾಡಿ, ಮುಂದೆ ಜರ್ಮನಿಯ ಬೀಬೆಸ್‌ಹೈಮ್‌ನಲ್ಲಿ ನೆಲೆಸಿ, ಇವತ್ತು ತನ್ನ ಹೆಸರಿನಲ್ಲೇ ಕರೆಯುವ ಗ್ರಿಫಾನ್ ತಳಿಯನ್ನು ಕಟ್ಟಿದ. ಹೇಗೆವಾಲ್ಡ್ ಎಂಬ ಕಾವ್ಯನಾಮದಲ್ಲಿ ಬೇಟೆಯ ಬಗ್ಗೆ ಬರೆಯುತ್ತಿದ್ದ ಜಹಗೀರುದಾರ ಸಿಗಿಸ್ಮಂಡ್ ಫಾನ್ ಸೆಡ್ಲಿಟ್ಸ್, ಎಲ್ಲ ಕೆಲಸಕ್ಕೂ ಒದಗುವ ಒಂದೇ ನಾಯಿ ಬೇಕೆಂದು ಪಟ್ಟು ಹಿಡಿದ. 1881ರಲ್ಲಿ ಪೂಡಲ್ ಮತ್ತು ಪಾಯಿಂಟರ್‌ಗಳನ್ನು ಕೂಡಿಸಿ ಪೂಡಲ್‌ಪಾಯಿಂಟರ್ ಎಂಬ ಇನ್ನೊಂದು ತಳಿಯ ಪ್ರಯೋಗ ನಡೆಯಿತು. 1902ರಲ್ಲಿ ಹುಟ್ಟಿದ ಡ್ರಾಟ್‌ಹಾರ್ ಸಂಘದವರದು ಇನ್ನೂ ಧಾರಾಳದ ಮನಸ್ಸು. ಗ್ರಿಫಾನ್, ಪೂಡಲ್‌ಪಾಯಿಂಟರ್, ಮೋಟುಗೂದಲಿನ ಜರ್ಮನ್ ಪಾಯಿಂಟರ್, ಎಲ್ಲಿ ಒಳ್ಳೆಯದು ಕಂಡರೂ ತೆಗೆದುಕೊಂಡರು. ಆ ಸಂಘದಲ್ಲಿ ಇಂದಿಗೂ ಬೇಟೆಯ ಪರೀಕ್ಷೆ ಪಾಸಾದ ಮಾತ್ರಕ್ಕೆ ಮರಿ ಹಾಕಿಸುವ ಪರವಾನಗಿ ಸಿಗುವುದಿಲ್ಲ. ತೀರ್ಪುಗಾರ ನಾಯಿಯ ಮೈಮೇಲೆ ಕೈಯಾಡಿಸಿ ಕೂದಲಿಗೂ ಅಂಕ ಕೊಡುತ್ತಾನೆ. ಮೂಗು ಎಷ್ಟೇ ಚುರುಕಿರಲಿ, ಕೂದಲು ಹತ್ತಿಯಂತಿದ್ದರೆ ಆ ನಾಯಿಯ ವಂಶ ಅಲ್ಲಿಗೇ ನಿಂತಿತು.

ಇನ್ನು ಚರ್ಮದೊಳಗಿನ ಕಾರಣಕ್ಕೆ ಬರಬಹುದು. ಈ ನಾಯಿಯ ಒಂದು ಕೂದಲೆಳೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಮೇಲುಭಾಗ ದಪ್ಪ, ಬಣ್ಣವೂ ಗಾಢ. ಬುಡಕ್ಕೆ ಇಳಿಯುತ್ತ ಎಳೆ ಸಣ್ಣಗಾಗುತ್ತದೆ, ಬಣ್ಣ ಮಾಸುತ್ತದೆ. ಎಲ್ಲ ಪ್ರಾಣಿಗಳ ಕೂದಲಿನಂತೆ ಇದಕ್ಕೂ ಬೆಳೆಯುವ ಕಾಲ, ನಿಲ್ಲುವ ಕಾಲ, ಬಿಡುವ ಕಾಲ ಎಂದಿದೆ. ಆದರೆ ಈ ತಳಿಗಳಲ್ಲಿ ಬೆಳವಣಿಗೆ ಮುಗಿದ ಕೂದಲು ಸುಲಭವಾಗಿ ಉದುರದೆ ಇದ್ದಲ್ಲೇ ನಿಂತಿರುತ್ತದೆ. ಕಾಡಿನಲ್ಲಿ ತಿರುಗುವ ನಾಯಿಗೆ ಮುಳ್ಳುಪೊದೆಯೇ ಅಷ್ಟಿಷ್ಟು ಕಿತ್ತುಕೊಡುತ್ತದೆ. ಸೋಫಾದ ಮೇಲೆ ಮಲಗುವ ನಾಯಿಗೆ ಮನುಷ್ಯನ ಬೆರಳೇ ಗತಿ. ಮೃತ್ಯುಂಜಯ ಮಂತ್ರದಲ್ಲಿ ಬರುವ ಸೌತೆಹಣ್ಣಿನ ಹಾಗೆ ಮಾಗಿದ ಕೂದಲು ತೊಟ್ಟು ಕಳಚಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ, ಬೆರಳು ನೆಪ ಮಾತ್ರ. ಅದು ಬುಡಸಮೇತ ಹೊರಬಂದ ಮೇಲೆ ಅದೇ ರಂಧ್ರದಲ್ಲಿ ಹೊಸ ಕೂದಲು ಗಡುಸು ತುದಿಯನ್ನು ಮುಂದುಮಾಡಿಕೊಂಡು ಮೂಡುತ್ತದೆ.

ಮಷಿನ್ ಹಾಕಿದರೆ ಏನಾಗುತ್ತದೆ ಎಂಬುದು ಇಷ್ಟರಲ್ಲೇ ಗೊತ್ತಾಗಬೇಕು. ದಪ್ಪಗಿದ್ದ, ಬಣ್ಣವಿದ್ದ ಭಾಗ ನೆಲಕ್ಕೆ ಬಿತ್ತು. ಸಣ್ಣದು, ಮಾಸಿದ್ದು ಮೈಮೇಲೆ ಉಳಿಯಿತು. ಸತ್ತ ಕೂದಲು ರಂಧ್ರ ಬಿಡದೆ ಕೂತಿದೆ, ಒಳಗೂದಲು ಅದರ ಸರಿಸಮಕ್ಕೆ ಬೆಳೆಯುತ್ತದೆ. ನಾಲ್ಕಾರು ಸಲ ಹೀಗೆ ಮಾಡಿದ ಏರ್‌ಡೇಲ್ ಟೆರಿಯರ್‌ನ ಬೆನ್ನಿನ ಕಪ್ಪು ಬೂದಿ ಬಣ್ಣಕ್ಕೆ ತಿರುಗುತ್ತದೆ, ಕಾಲಿನ ಕೆಂಗಂದು ಕಳೆಗುಂದುತ್ತದೆ. ಮುಟ್ಟಿದರೆ ಮೃದುವಾಗಿದೆ ಎಂದು ಮನೆಯವರು ಸಂತೋಷಪಡುತ್ತಾರೆ. ಮಳೆ ಬಂದ ದಿನ ಆ ಮೃದುತ್ವದ ಗುಟ್ಟು ರಟ್ಟಾಗುತ್ತದೆ: ನೀರೆಲ್ಲ ಚರ್ಮಕ್ಕಿಳಿದು ನಾಯಿ ಗಂಟೆಗಟ್ಟಲೆ ಒದ್ದೆಯಾಗಿ ನಡುಗುತ್ತದೆ. ಏರ್‌ಡೇಲ್‌ಗೆ ಇದಕ್ಕಿಂತ ಅವಮಾನ ಬೇಡ. ಯಾರ್ಕ್‌ಶೈರಿನ ಏರ್ ನದಿಯ ಕಣಿವೆಯಲ್ಲಿ, ನೀರುನಾಯಿಯ ಬೇಟೆಗೆಂದು ಟೆರಿಯರ್‌ಗೂ ಆಟರ್‌ಹೌಂಡ್‌ಗೂ ಕೂಡಿಸಿ ಹುಟ್ಟಿಸಿದ ತಳಿ ಅದು.

ಕೀಳುವ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ರಬ್ಬರ್ ಹಾಸಿದ ಮೇಜಿನ ಮೇಲೆ ಒಂದು ಬಾರ್ಡರ್ ಟೆರಿಯರ್ ನಿಂತಿದೆ ಎನ್ನಿ. ಬೆನ್ನಹುರಿಯುದ್ದಕ್ಕೂ ಕೂದಲು ತಾನಾಗಿ ಬೈತಲೆ ತೆಗೆದುಕೊಂಡು ಎರಡೂ ಪಕ್ಕಕ್ಕೆ ಬಿದ್ದಿದ್ದರೆ ಕಾಲ ಕೂಡಿಬಂದಿದೆ ಎಂದರ್ಥ. ಮೊದಲು ಬಾಚಣಿಗೆಯಿಂದ ಸಿಕ್ಕು ಬಿಡಿಸುತ್ತಾರೆ. ಸ್ನಾನ ಮಾಡಿಸುವುದಿಲ್ಲ, ತೊಳೆದ ಕೂದಲು ಜಾರುತ್ತದೆ. ಬೆರಳಿಗೆ ಸೀಮೆಸುಣ್ಣದ ಪುಡಿ ಸವರಿಕೊಳ್ಳುವವರುಂಟು, ರಬ್ಬರಿನ ಬೆರಳುಟೋಪಿ ಹಾಕಿಕೊಳ್ಳುವವರೂ ಉಂಟು. ಎಡಗೈ ಚರ್ಮವನ್ನು ಬಿಗಿಯಾಗಿ ಹಿಡಿಯುತ್ತದೆ. ಬಲಗೈ ಎಂಟು ಹತ್ತು ಎಳೆಗಳ ತುದಿಯನ್ನಷ್ಟೇ ಚಿವುಟಿ, ಕೂದಲು ಮಲಗಿರುವ ದಿಕ್ಕಿಗೇ ನೆಟ್ಟಗೆ ಎಳೆಯುತ್ತದೆ. ಮಣಿಕಟ್ಟು ಬಾಗಕೂಡದು. ಬಾಗಿದರೆ ಎಳೆ ನಡುವೆ ತುಂಡಾಗುತ್ತದೆ, ಆಗ ಅದು ಕತ್ತರಿಸಿದ್ದಕ್ಕೇ ಸಮ. ಎಳೆದದ್ದು ಬಂತೋ, ಕೈಗೆ ಸಿಕ್ಕಿದ್ದು ಮಾಗಿದ ಕೂದಲು. ನಾಯಿಯ ಚರ್ಮ ಜೊತೆಗೇ ಎದ್ದುಬಂತೋ, ಬಿಟ್ಟುಬಿಡಬೇಕು, ಮೂರು ವಾರ ಕಳೆದು ನೋಡಬೇಕು.

ನೋವಾಗುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ, ಕೇಳಬೇಕಾದ್ದೇ. ಇದಕ್ಕೆ ಉತ್ತರವನ್ನು ಯಜಮಾನನಿಂದ ಪಡೆಯುವುದಕ್ಕಿಂತ ನಾಯಿಯಿಂದ ಪಡೆಯುವುದು ಮೇಲು. ಮಾಗಿದ ಕೂದಲು ಬರುವಾಗ ಅಭ್ಯಾಸವಾದ ನಾಯಿ ಮೊದಲು ತುಟಿ ನೆಕ್ಕುತ್ತದೆ, ಆಮೇಲೆ ಬೇಸರದ ಮುಖ ಮಾಡುತ್ತದೆ, ಅರ್ಧ ಗಂಟೆಯಾದರೆ ಕೀಳುವವರ ಮೊಣಕೈ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚುತ್ತದೆ. ಹಸಿಗೂದಲು ಎಳೆದರೆ ತಲೆ ಥಟ್ಟನೆ ತಿರುಗುತ್ತದೆ, ಬಾಲ ಕಾಲಿನ ನಡುವೆ ಹೋಗುತ್ತದೆ. ಗಂಟಲು, ಹೊಟ್ಟೆ, ತೊಡೆಸಂದಿಗಳಲ್ಲಿ ಚರ್ಮ ತೆಳು. ಅಲ್ಲಿ ನಿಯಮ ಸಡಿಲಿಸಿ ಕತ್ತರಿ ಹಿಡಿಯುವುದೇ ಲೇಸು. ಅಲ್ಲಿಯೂ ಕೀಳಲೇಬೇಕೆಂದು ಹಟ ಹಿಡಿಯುವ ಶುದ್ಧಾಂತಃಕರಣದವರಿಗೆ ಒಮ್ಮೆ ಅವರದೇ ಕಂಕುಳ ಕೂದಲು ಕಿತ್ತು ತೋರಿಸಬೇಕು.

ಬೆರಳು ಸೋತವರಿಗೆ ಉಪಕರಣಗಳಿವೆ. ಸ್ಟ್ರಿಪ್ಪಿಂಗ್ ನೈಫ್ ಎಂಬುದಕ್ಕೆ ಹೆಸರು ಚಾಕುವಿನದಾದರೂ ಅದು ಕತ್ತರಿಸಬಾರದು. ಸಣ್ಣ ಹಲ್ಲಿನ ಲೋಹದ ಪಟ್ಟಿಗೂ ಹೆಬ್ಬೆರಳಿಗೂ ನಡುವೆ ಕೂದಲು ಸಿಕ್ಕಿಸಿ ಎಳೆಯಬೇಕು. ಹೊಸದಾಗಿ ಕೊಂಡವರು ಅದರ ಹರಿತವನ್ನು ಬೇಕೆಂದೇ ತೇಯ್ದು ಮೊಂಡು ಮಾಡುತ್ತಾರೆ, ಇದೊಂದು ಕಸುಬಿನಲ್ಲಿ ಮೊಂಡು ಚಾಕುವಿಗೇ ಬೆಲೆ. ಹಗುರವಾದ ಕಲ್ಲೂ ಒಂದು ಸಿಗುತ್ತದೆ, ನಮ್ಮ ಬಚ್ಚಲಿನಲ್ಲಿ ಹಿಮ್ಮಡಿ ಉಜ್ಜಲು ಇಟ್ಟುಕೊಳ್ಳುವ ರಂಧ್ರಗಲ್ಲಿನ ಜಾತಿಯದೇ. ಅದನ್ನು ಬೆನ್ನ ಮೇಲೆ ಎಳೆದರೆ ಉದುರಲು ಕಾದ ಒಳಗೂದಲು ಅದಕ್ಕೆ ಅಂಟಿಕೊಂಡು ಬರುತ್ತದೆ.

ಸಾಕುನಾಯಿಗೆ ವರ್ಷಕ್ಕೆರಡು ಸಲ, ವಸಂತದಲ್ಲೊಮ್ಮೆ ಶರತ್ಕಾಲದಲ್ಲೊಮ್ಮೆ, ಮೇಲ್ಗೂದಲನ್ನೆಲ್ಲ ತೆಗೆದುಬಿಡುವುದು ವಾಡಿಕೆ. ಮುಗಿದಾಗ ನಾಯಿ ಒಳಗೂದಲಿನಲ್ಲಿ ನಿಂತು ಅರ್ಧಕ್ಕರ್ಧ ಇಳಿದುಹೋದಂತೆ ಕಾಣುತ್ತದೆ, ಹೊಸ ಕೂದಲು ತುಂಬಿಕೊಳ್ಳಲು ಎರಡು ಮೂರು ತಿಂಗಳಾದರೂ ಬೇಕು. ವಾರಕ್ಕಿಷ್ಟು ಎಂದು ಸ್ವಲ್ಪ ಸ್ವಲ್ಪವೇ ಕೀಳುತ್ತ ಎಲ್ಲ ವಯಸ್ಸಿನ ಕೂದಲನ್ನೂ ಒಟ್ಟಿಗೆ ಇಟ್ಟುಕೊಳ್ಳುವ ಇನ್ನೊಂದು ಪದ್ಧತಿಯಿದೆ. ತಾಳ್ಮೆ ಇರುವವರಿಗೆ ಅದೇ ಚೆನ್ನ.

ಪ್ರದರ್ಶನಕ್ಕೆ ಹೋಗುವವರ ಗಣಿತ ಬೇರೆ. ವೈರ್ ಫಾಕ್ಸ್ ಟೆರಿಯರ್ ಒಂದನ್ನು ಕಣಕ್ಕೆ ಸಜ್ಜುಗೊಳಿಸಲು ಮೂರು ತಿಂಗಳ ಮೊದಲೇ ಬೆನ್ನಿನಿಂದ ಆರಂಭ. ಕೆಲವು ವಾರ ಬಿಟ್ಟು ಕತ್ತು, ಭುಜ. ತಲೆ ಕಿವಿಗಳ ಸರದಿ ಕೊನೆಗೆ. ಸ್ಪರ್ಧೆಯ ದಿನ ಒಂದೊಂದು ಭಾಗದ ಕೂದಲೂ ಬೇಕಾದಷ್ಟೇ ಉದ್ದಕ್ಕೆ ಬಂದು ನಿಂತು, ಕತ್ತಿನಿಂದ ಬಾಲದವರೆಗೆ ಒಂದೇ ಗೆರೆಯಲ್ಲಿ ಹರಿಯಬೇಕು. ನ್ಯೂಯಾರ್ಕಿನ ವೆಸ್ಟ್‌ಮಿನ್‌ಸ್ಟರ್ ಪ್ರದರ್ಶನದಲ್ಲಿ 2019ರಲ್ಲಿ ಕಿಂಗ್ ಎಂಬ ನಾಯಿ ಗೆದ್ದಾಗ ಈ ತಳಿಗೆ ಅಲ್ಲಿನ ಪರಮೋಚ್ಚ ಪ್ರಶಸ್ತಿ ಬಂದದ್ದು ಹದಿನೈದನೇ ಸಲ. ಬೇರೆ ಯಾವ ತಳಿಗೂ ಅಷ್ಟು ಬಂದಿಲ್ಲ. ಅದರಲ್ಲಿ ಪಾಲು ಕೇಳುವ ಹಕ್ಕು ಕೀಳುವವರ ಬೆರಳುಗಳಿಗಿದೆ. ಬೇಟೆಗಾರರು ಇದನ್ನೆಲ್ಲ ನೋಡಿ ಮೂಗು ಮುರಿಯುತ್ತಾರೆ, ನರಿಬಿಲಕ್ಕೆ ಇಳಿಯದ ನಾಯಿಗೆ ಇಷ್ಟೇಕೆ ಅಲಂಕಾರ ಎಂದು. ಅವರ ಪೂರ್ವಸೂರಿ, ಡೆವನ್ ಪ್ರಾಂತದ ಪಾದ್ರಿ ಜಾನ್ ರಸೆಲ್, ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಹಾಲು ಮಾರುವವನೊಬ್ಬನ ಬಳಿ ಕಂಡ ಟ್ರಂಪ್ ಎಂಬ ಹೆಣ್ಣು ಟೆರಿಯರನ್ನು ಅಲ್ಲೇ ಕೊಂಡುಬಿಟ್ಟಿದ್ದ. 1873ರಲ್ಲಿ ಇಂಗ್ಲೆಂಡಿನ ಕೆನಲ್ ಕ್ಲಬ್ ಕಟ್ಟಿದವರಲ್ಲಿ ಅದೇ ಪಾದ್ರಿ ಒಬ್ಬ. ಅಂದಮೇಲೆ ಎರಡು ಬಣದ ಜಗಳ ಒಂದೇ ಮನೆಯದು.

ಅರಮನೆಯನ್ನೂ ಈ ಒರಟು ಕೂದಲು ಹೊಕ್ಕಿತ್ತು. ಬ್ರಿಟನ್ನಿನ ದೊರೆ ಏಳನೇ ಎಡ್ವರ್ಡ್ ತೀರಿಕೊಂಡಾಗ, 1910ರ ಮೇ 20ರ ಶವಯಾತ್ರೆಯಲ್ಲಿ ಅವನ ವೈರ್ ಫಾಕ್ಸ್ ಟೆರಿಯರ್ ಸೀಸರ್ ಶವಪೆಟ್ಟಿಗೆಯ ಹಿಂದೆ ನಡೆಯಿತು. ಜರ್ಮನಿಯ ಕೈಸರ್ ಸೇರಿದಂತೆ ಒಂಬತ್ತು ಮಂದಿ ದೊರೆಗಳು ನಾಯಿಯ ಹಿಂದೆ ಬರಬೇಕಾಯಿತು. ವಿಂಡ್ಸರ್‌ನ ಸೇಂಟ್ ಜಾರ್ಜ್ ಚಾಪೆಲ್‌ನಲ್ಲಿ ಎಡ್ವರ್ಡ್‌ನ ಶಿಲಾಪ್ರತಿಮೆಯ ಕಾಲಬಳಿ ಸೀಸರ್ ಇಂದಿಗೂ ಮಲಗಿದೆ. ಮಕ್ಕಳಿಗೆ ಇದಕ್ಕಿಂತ ಪರಿಚಿತ ಟಿನ್‌ಟಿನ್‌ನ ಜೊತೆಗಾರ ಸ್ನೋಯಿ. 1929ರಲ್ಲಿ ಬೆಲ್ಜಿಯಂನ ಹೆರ್ಜೆ ಬರೆದ ಆ ಬಿಳಿ ನಾಯಿಯೂ ವೈರ್ ಫಾಕ್ಸ್ ಟೆರಿಯರ್. ಅಷ್ಟು ಸಾಹಸಗಳ ನಡುವೆ ಅದರ ಕೂದಲನ್ನು ಯಾರು, ಯಾವಾಗ ಕಿತ್ತರೆಂದು ಹೆರ್ಜೆ ತೋರಿಸಿಲ್ಲ.

ಹುಬ್ಬು ಗಡ್ಡಗಳ ಮೂಲ ಹುಡುಕಿದ ವಿಜ್ಞಾನಿಗಳದೂ ಒಂದು ಸ್ವಾರಸ್ಯ. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ನಾಯಿಗಳ ಕೂದಲಿನ ಬಹುತೇಕ ವೈವಿಧ್ಯ ಬರೀ ಮೂರು ಜೀನ್‌ಗಳ ಆಟ ಎಂದು ತೋರಿಸಿತು. ಉದ್ದಕ್ಕೊಂದು, ಗುಂಗುರಿಗೊಂದು, ಮೂರನೆಯದು ಹುಬ್ಬು, ಮೀಸೆ ಮತ್ತು ಒರಟುತನಕ್ಕೆ. ಈ ಮೂರನೆಯ ಆರ್‌ಎಸ್‌ಪಿಒ2 ಜೀನಿನ ತುದಿಯಲ್ಲಿ 167 ಅಕ್ಷರಗಳ ಡಿಎನ್‌ಎ ತುಣುಕೊಂದು ಸೇರಿಕೊಂಡಿದ್ದರೆ ಗಡ್ಡ ಬರುತ್ತದೆ. ತಂದೆತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು. ಹೀಗಾಗಿ ಗಡ್ಡದ ಅಪ್ಪಅಮ್ಮನಿಗೆ ಆಗೀಗ ನುಣ್ಣಗಿನ ಮುಖದ ಮರಿ ಹುಟ್ಟಿದರೆ ಪಕ್ಕದ ಮನೆಯ ನಾಯಿಯನ್ನು ಅನುಮಾನಿಸಬೇಕಾಗಿಲ್ಲ.

ಕರ್ನಾಟಕದ ಹೆಮ್ಮೆಯ ಬೇಟೆನಾಯಿಗೆ ಈ ರಗಳೆ ಯಾವುದೂ ಇಲ್ಲ. ಮುಧೋಳ ನಾಯಿಯದು ಮೈಗಂಟಿದ ಮೋಟುಗೂದಲು. ಬಯಲುಸೀಮೆಯ ಒಣ ನೆಲದಲ್ಲಿ ಕಣ್ಣಿಗೆ ಬಿದ್ದ ಮೊಲವನ್ನು ಓಡಿ ಹಿಡಿಯುವ ನಾಯಿಗೆ ಮುಳ್ಳುಪೊದೆಯ ಕವಚವಾಗಲಿ, ಚಳಿನೀರಿನ ಅಂಗಿಯಾಗಲಿ ಏಕೆ ಬೇಕು? ಒದ್ದೆಬಟ್ಟೆಯಲ್ಲಿ ಒರೆಸಿದರೆ ಮೈ ಫಳಫಳ. ಬೆಂಗಳೂರಿನಂಥ ಊರುಗಳ ಮನೆಗಳಲ್ಲಿ ಈಚೆಗೆ ಕಾಣುವ ತಂತಿಗೂದಲಿನ ನಾಯಿಗಳ ಪಾಡು ಮಾತ್ರ ಬೇರೆ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅವಕ್ಕೆ ಇಲ್ಲಿ ಬೇಟೆಯ ಉದ್ಯೋಗವಿಲ್ಲ. ಪೆಟ್ ಸಲೂನಿಗೆ ಹೋದರೆ ಮಷಿನ್ ಮೊದಲು ಹೊರಬರುತ್ತದೆ. ಕೈಯಲ್ಲಿ ಕೀಳಲು ಹಿಡಿಯುವ ಹೊತ್ತು, ಅದಕ್ಕೆ ತಕ್ಕ ಕೂಲಿ, ಎರಡನ್ನೂ ಗಿರಾಕಿಗಳು ಒಪ್ಪುವುದು ಕಷ್ಟ. ಸಲೂನಿನವರನ್ನು ಬೈದು ಫಲವಿಲ್ಲ. ವಯಸ್ಸಾದ ನಾಯಿಗೆ, ಚರ್ಮರೋಗವಿದ್ದ ನಾಯಿಗೆ, ಸಂತಾನಹರಣ ಮಾಡಿಸಿದ ಮೇಲೆ ಕೂದಲು ಉಣ್ಣೆಯಂತಾದ ನಾಯಿಗೆ ಮಷಿನ್ನೇ ದಯೆ. ಎಳೆಯ, ಆರೋಗ್ಯವಂತ ನಾಯಿಯನ್ನು ಮಾತ್ರ ಮೊದಲ ಸಲ ಮಷಿನ್ನಿಗೆ ಒಡ್ಡುವ ಮುನ್ನ ಯಜಮಾನ ಯೋಚಿಸಬೇಕು. ಒಮ್ಮೆ ಮೆದುವಾದ ಕೂದಲನ್ನು ಮತ್ತೆ ಗಡುಸಿಗೆ ತರಲು ತಿಂಗಳುಗಟ್ಟಲೆ ಕೀಳಬೇಕಾಗುತ್ತದೆ, ಕೆಲವು ನಾಯಿಗಳಲ್ಲಿ ಅದು ಹಿಂದಿರುಗುವುದೇ ಇಲ್ಲ.

ಮೆದುಗೂದಲಿಗೆ ಇನ್ನೊಂದು ಶತ್ರು, ಅಂಟುವ ಬೀಜ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಜಾರ್ಜ್ ಡಿ ಮೆಸ್ಟ್ರಾಲ್ 1941ರಲ್ಲಿ ಬೇಟೆ ಮುಗಿಸಿ ಮನೆಗೆ ಬಂದು ತನ್ನ ನಾಯಿಯ ಮೈಯಿಂದ ಬರ್ಡಾಕ್ ಗಿಡದ ಬೀಜಗಳನ್ನು ಬಿಡಿಸುತ್ತ, ಒಂದನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ. ತುದಿಯಲ್ಲಿ ಪುಟ್ಟ ಕೊಕ್ಕೆಗಳಿದ್ದವು. ಅದರಿಂದ ಹುಟ್ಟಿದ್ದು ಇವತ್ತು ಶಾಲಾಮಕ್ಕಳ ಶೂನಿಂದ ರಕ್ತದೊತ್ತಡ ಅಳೆಯುವ ಪಟ್ಟಿಯವರೆಗೆ ಎಲ್ಲೆಡೆ ಚರಕ್ಕೆನ್ನುವ ವೆಲ್ಕ್ರೋ. ಕೊಕ್ಕೆ ಹಿಡಿಯಲು ಮೆತ್ತನೆಯ ಕುಣಿಕೆ ಬೇಕು. ನೆಟ್ಟಗೆ ಮಲಗಿದ ಗಡುಸುಗೂದಲಿನಲ್ಲಿ ಅದಕ್ಕೆ ಹಿಡಿತ ಕಡಿಮೆ. ಅವನ ನಾಯಿಯ ಕೂದಲು ಅಷ್ಟೇನೂ ಗಡುಸಾಗಿರಲಿಲ್ಲವೆಂದು ತೋರುತ್ತದೆ, ಲೋಕಕ್ಕೆ ಒಳ್ಳೆಯದೇ ಆಯಿತು.

ಗಡ್ಡದ ವಿಷಯಕ್ಕೆ ಶಾಸ್ತ್ರವೇನೂ ಇಲ್ಲ, ಅದು ದಿನದ ಚಾಕರಿ. ಊಟದ ಗಂಜಿ, ಕೆಸರು, ಜೊಲ್ಲು ಎಲ್ಲ ಅಲ್ಲೇ ಸೇರಿ ನಾಲ್ಕು ದಿನಕ್ಕೆ ಹುಳಿವಾಸನೆ ಬರುತ್ತದೆ. ತೊಳೆಯಬೇಕು, ಒರೆಸಬೇಕು, ಬಾಚಬೇಕು, ಮತ್ತೆ ನೀರು ಕುಡಿದು ಬಂದು ಅದು ಯಜಮಾನನ ಪ್ಯಾಂಟಿಗೇ ಒರೆಸಿಕೊಳ್ಳುತ್ತದೆ. ಕಾಡು ಸುತ್ತಿ ಬಂದ ದಿನ ಕಿವಿಯ ಬುಡ, ಬೆರಳಸಂದಿ, ಕಂಕುಳಗಳಲ್ಲಿ ಉಣ್ಣೆಹುಳ ಹುಡುಕಬೇಕು. ದಟ್ಟ ಕೂದಲಿನಲ್ಲಿ ಕಣ್ಣಿಗಿಂತ ಬೆರಳಿಗೇ ಅದು ಬೇಗ ಸಿಗುವುದು. ತಿಂಗಳುಗಟ್ಟಲೆ ಕಿತ್ತು ಪಳಗಿದ ಬೆರಳಿಗಂತೂ ನಾಯಿಯ ಮೈಮೇಲಿನ ಒಂದೊಂದು ಗಂಟೂ ಗುರುತು. ಹೊಸದೊಂದು ಮೂಡಿದ್ದರೆ ಪಶುವೈದ್ಯರಿಗಿಂತ ಮೊದಲೇ ತಿಳಿಯುತ್ತದೆ.

ಕೊನೆಗೆ ಮೇಜಿನ ಕೆಳಗೆ ಬಿದ್ದ ಕೂದಲಿನ ರಾಶಿ. ಯುರೋಪಿನಲ್ಲಿ ಅನೇಕರು ಅದನ್ನು ತೋಟದ ಬೇಲಿಗೆ ಸಿಕ್ಕಿಸುತ್ತಿದ್ದರು, ಹಕ್ಕಿಗಳು ಗೂಡಿಗೆ ಹಾಸಿಕೊಳ್ಳಲಿ ಎಂದು. ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದವರು ನೀಲಿ ಮತ್ತು ದೊಡ್ಡ ಟಿಟ್ ಹಕ್ಕಿಗಳ 103 ಗೂಡುಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದೂ ಬಿಡದೆ ಎಲ್ಲ ಗೂಡುಗಳಲ್ಲೂ ಫಿಪ್ರೊನಿಲ್ ಇತ್ತು. ನಾಯಿಬೆಕ್ಕುಗಳ ಕತ್ತಿನ ಹಿಂದೆ ಚಿಗಟ, ಉಣ್ಣೆಹುಳಕ್ಕೆಂದು ಹಾಕುವ ಹನಿಮದ್ದಿನ ಕೀಟನಾಶಕ ಅದು. ಮದ್ದಿನ ಅಂಶ ಹೆಚ್ಚಿದ್ದ ಗೂಡುಗಳಲ್ಲಿ ಒಡೆಯದ ಮೊಟ್ಟೆ, ಸತ್ತ ಮರಿಗಳೂ ಹೆಚ್ಚಿದ್ದವು. ಹಾಗಾಗಿ ಹನಿಮದ್ದು ಹಾಕಿಸಿಕೊಂಡ ನಾಯಿಯ ಕೂದಲು ಬೇಲಿಗೆ ಹೋಗಬಾರದು. ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಬೆಳಿಗ್ಗೆ ಬರುವ ಕಸದ ಗಾಡಿಗೆ ಹಾಕಬೇಕು.